ಸೂಜಿ ಎಲ್ಲಿ ಹೋಯಿತು

ಅಣ್ಣನ ಮಗಳು ಫೋನ್ ಮಾಡಿದಾಗ ನಾನು ಒಂದು ಅಂಗಿಗೆ ಕಾಜಾ ಹಾಕುತ್ತಿದ್ದೆ. ಗುಂಡಿ ತೂರುವ ಕಿಂಡಿಯ ಅಂಚನ್ನು ದಾರದಿಂದ ಕಟ್ಟುವುದಕ್ಕೆ ನಮ್ಮ ಕಸುಬಿನಲ್ಲಿ ಕಾಜಾ ಎನ್ನುತ್ತಾರೆ. ಮೂರನೇ ತರಗತಿಗೆ ಶಾಲೆ ಬಿಟ್ಟವನು ನಾನು. ಅಂದಿನಿಂದ ಮಾಡಿಕೊಂಡು ಬಂದಿರುವುದು ಇದೊಂದೇ. ಅಳತೆ, ಕತ್ತರಿ, ಮೆಷಿನ್ನು ಎಲ್ಲ ಅಣ್ಣನದು. ಅವನು ಹೋಗಿ ಆರು ವರ್ಷವಾಯಿತು. ಈಗ ಬೇರೆ ದರ್ಜಿಗಳು ಹೊಲಿದ ಅಂಗಿಗಳನ್ನು ಕಳಿಸುತ್ತಾರೆ, ನಾನು ಮುಂದಿನ ಕೋಣೆಯ ಕಿಟಕಿಯ ಬಳಿ ಕೂತು ಕಾಜಾ ಹಾಕಿ, ಗುಂಡಿ ಹಚ್ಚಿ ಕೊಡುತ್ತೇನೆ. ಹಿಂದಿನ ಕೋಣೆ ಹಕ್ಕಿಗಳದು. ಅವೆರಡರ ನಡುವೆ ಅಡುಗೆಮನೆ, ಅದು ಅತ್ತಿಗೆಯ ರಾಜ್ಯ.

"ಚಿಕ್ಕಪ್ಪ, ಒಂದು ಮಾತು ಕೇಳ್ಲಾ?"

"ಕೇಳಮ್ಮ."

ಊರಿನ ದೊಡ್ಡ ಬಸ್ಸು ಓಡಿಸುವ ಹೆಂಗಸು ಅವಳು. ಎದುರಿಗೆ ಲಾರಿ ಬಂದರೂ ಕಣ್ಣು ಮಿಟುಕಿಸುವವಳಲ್ಲ. ಅಂಥವಳು ಮಾತಿಗೆ ತಡೆದದ್ದಕ್ಕೆ ನನ್ನ ಸೂಜಿಯೂ ನಿಂತಿತು.

"ಅಪ್ಪನ ಹಾಡು ಹಾಡೋ ಮರಿ ಒಂದು ಇದ್ರೆ ನಂಗೆ ಕೊಡ್ತೀಯಾ?"

ಆರು ವರ್ಷದಿಂದ ಅವಳು ಹಕ್ಕಿಕೋಣೆಗೆ ಕಾಲಿಟ್ಟಿರಲಿಲ್ಲ. ಬಂದರೆ ಅಡುಗೆಮನೆಯಲ್ಲಿ ಅಮ್ಮನ ಜೊತೆ ಕೂತು, ಹಿಂದಿನ ಬಾಗಿಲು ಎಳೆದುಕೊಂಡು, ಎದ್ದು ಹೋಗುತ್ತಿದ್ದಳು. ಆ ಹಾಡು ಕಿವಿಗೆ ಬಿದ್ದರೆ ಅಪ್ಪ ಮೆಷಿನ್ನಿನ ಮುಂದೆ ಕೂತಂತೆ ಆಗುತ್ತದೆ, ತಿರುಗಿ ನೋಡಿದರೆ ಇರುವುದಿಲ್ಲ ಎಂದು ಒಮ್ಮೆ ಹೇಳಿದ್ದಳು. ಅಂಥವಳು ಈಗ ತಾನಾಗಿ ಕೇಳುತ್ತಿದ್ದಾಳೆ.

"ಇದೆ," ಎಂದೆ. "ಮರಿ ಇನ್ನೂ ತೊದಲ್ತಾ ಇದೆ. ಒಂದು ತಿಂಗಳು ತಡೆ, ಹಾಡು ಗಟ್ಟಿಯಾಗಲಿ."

"ಸೂಜಿ ಸಮೇತ?"

"ಸೂಜಿ ಇಲ್ದೆ ನಿಮ್ಮಪ್ಪನ ಹಾಡು ಹೇಗಾಗುತ್ತೆ?"

ಅವಳು ನಕ್ಕಳು. ಫೋನ್ ಇಟ್ಟ ಮೇಲೆ ನಾನು ಆ ಅಂಗಿಯ ಕಾಜಾವನ್ನು ಬಿಚ್ಚಿ ಮತ್ತೆ ಹಾಕಬೇಕಾಯಿತು, ಹೊಲಿಗೆ ಓರೆಯಾಗಿತ್ತು.

ಸೂಜಿ ಎಂದರೇನು ಎಂದು ಹೇಳಬೇಕು. ನಲವತ್ತೆರಡು ವರ್ಷದ ಹಿಂದೆ ಗಿರಾಕಿಯೊಬ್ಬರು ಊರು ಬಿಡುವಾಗ ಅಣ್ಣನಿಗೆ ಒಂದು ಜೋಡಿ ಫಿಂಚ್ ಕೊಟ್ಟು ಹೋದರು. ಹೆಬ್ಬೆರಳಿನಷ್ಟು ಹಕ್ಕಿ, ಕೆಂಪು ಕೊಕ್ಕು, ಗಂಡಿನ ಕೆನ್ನೆ ಮೇಲೆ ಕಿತ್ತಳೆ ಬೊಟ್ಟು, ಎದೆ ಮೇಲೆ ಕಪ್ಪು ಗೆರೆ. ನಾವು ಅವನ್ನು ಪಟ್ಟೆ ಹಕ್ಕಿ ಎಂದೆವು. ಹೆಣ್ಣು ಹಾಡುವುದಿಲ್ಲ, ಕೂಗುತ್ತದೆ ಅಷ್ಟೆ. ಗಂಡಿಗೆ ಒಂದೇ ಒಂದು ಹಾಡು, ಎರಡು ಉಸಿರಿನಷ್ಟು ಉದ್ದ. ಸಾಯುವ ತನಕ ಅದನ್ನೇ ಹಾಡುತ್ತದೆ. ಆ ಹಾಡು ಹುಟ್ಟಿನಿಂದ ಬರುವುದಲ್ಲ. ಗೂಡು ಬಿಟ್ಟ ಮರಿ ಅಪ್ಪನ ಪಕ್ಕ ಕೂತು, ಕೇಳಿ, ತನ್ನಷ್ಟಕ್ಕೆ ತೊದಲಿ, ತಿದ್ದಿಕೊಂಡು, ಮೂರು ತಿಂಗಳಾಗುವಷ್ಟರಲ್ಲಿ ಕಲಿಯುತ್ತದೆ. ಮೂರು ತಿಂಗಳು ಕಳೆದ ಮೇಲೆ ಒಂದಕ್ಷರ ಸೇರುವುದೂ ಇಲ್ಲ, ಬಿಡುವುದೂ ಇಲ್ಲ.

ಮೊದಲ ಗಂಡು ಹಾಡಿದಾಗ ಅಣ್ಣ ಪೆಡಲು ತುಳಿಯುವುದನ್ನು ನಿಲ್ಲಿಸಿ, "ಲೋ, ಇವನು ನಮ್ಮ ಅಂಗಡೀಲೇ ಹುಟ್ಟಿದೋನೇನೋ!" ಎಂದ. ಹಾಡು ಶುರುವಾಗುತ್ತಿದ್ದದ್ದು ಟಕಟಕ ಎಂದು. ಅದಕ್ಕೆ ಅವನು ಪೆಡಲು ಎಂದ. ನಡುವೆ ಗರಕ್ ಗರಕ್ ಎಂಬ ಸದ್ದು, ಅದು ಕತ್ತರಿ. ಕೊನೆಯಲ್ಲಿ ಬಲು ತೆಳುವಾದ, ಉದ್ದನೆಯ ಸೀ ಎಂಬ ಸ್ವರ. ಗಾಳಿಯಲ್ಲಿ ಚುಚ್ಚಿ ಆಚೆಗೆ ತೆಗೆದಂತೆ. ಅದು ಸೂಜಿ. ಆಗ ಮೂರು ವರ್ಷದವಳಾಗಿದ್ದ ಮಗಳು ಸೂಜಿ ಬಂದಾಗಲೆಲ್ಲ ಬಲಭುಜವನ್ನು ಕಿವಿಗೆ ಒತ್ತಿಕೊಂಡು ಮುಖ ಹಿಂಡುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಅವಳನ್ನು ನೋಡುವುದಕ್ಕೆಂದೇ ಅಣ್ಣ ಹಕ್ಕಿಯನ್ನು ಹಾಡಿಸುತ್ತಿದ್ದ.

ಆ ಹಾಡು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿದು ಬಂತು. ಒಂಟಿಗಣ್ಣ, ಪೈಲ್ವಾನ, ನೀರು ಚೆಲ್ಲುವವ, ಮತ್ತೊಬ್ಬ ಪೈಲ್ವಾನ... ಹದಿನಾರು ತಲೆಮಾರಿನ ಹೆಸರು ನನಗೆ ಈಗಲೂ ಬಾಯಿಪಾಠ. ಬೇರೆ ಹಾಡಿನ ಗಂಡನ್ನು ಅಣ್ಣ ಕೋಣೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹೊರಗಿನಿಂದ ಹೆಣ್ಣು ಬರಬಹುದು, ಹೆಣ್ಣು ಹಾಡು ಕೆಡಿಸುವುದಿಲ್ಲ. "ನಮ್ಮ ಮನೆಗೆ ಸೊಸೆ ಬೇಕು, ಅಳಿಯ ಬೇಡ" ಎನ್ನುತ್ತಿದ್ದ. ಅವನ ಕೈಯಲ್ಲಿ ಬೆಳೆದ ಕೊನೆಯ ಹಕ್ಕಿ ಈಗ ಏಳು ವರ್ಷದ ಮುದುಕ, ನಾವು ತಾತ ಎನ್ನುತ್ತೇವೆ.

ನನಗೂ ಒಂದು ಅಡ್ಡಹೆಸರಿದೆ: ಕಿವಿ. ಹಕ್ಕಿ ಸಾಕುವವರೆಲ್ಲ ಹಾಗೇ ಕರೆಯುವುದು. ಕಂದು ಬಿಳುಪು ಬಣ್ಣದ ಇನ್ನೊಂದು ಜಾತಿಯ ಫಿಂಚ್ ಇದೆ. ಯಾರ ಮರಿಯನ್ನು ಮುಂದಿಟ್ಟರೂ ಸಾಕುತ್ತದೆ, ಅದಕ್ಕೇ ನಾವು ದಾದಿ ಎನ್ನುತ್ತೇವೆ. ದಾದಿಯಲ್ಲಿ ಗಂಡು ಹೆಣ್ಣು ನೋಡಲು ಒಂದೇ ಥರ, ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಹಕ್ಕಿ ಅಂಗಡಿಯವನು ಬುಟ್ಟಿ ತಂದು ನನ್ನ ಮುಂದಿಡುತ್ತಿದ್ದ. ಒಂದೊಂದು ಕೂಗು ಕೇಳಿ, ಇದು ಗಂಡು, ಇದು ಹೆಣ್ಣು ಎಂದು ಬೇರೆ ಮಾಡಿ ಕೊಡುತ್ತಿದ್ದೆ. ಬರೆಯಲು ಸರಿಯಾಗಿ ಬಾರದ ನನಗೆ ಇದ್ದ ಒಂದೇ ದೊಡ್ಡಸ್ತಿಕೆ ಅದು.

ಈಗ ಮರಿಯ ವಿಷಯ. ಅದರ ಅಪ್ಪ ತಾತನ ಮಗನೇ. ಮೊಟ್ಟೆ ಒಡೆಯುವ ಮುಂಚೆಯೇ ಸತ್ತ. ತಾಯಿ ಎದ್ದು ಹೋಗಿ ಮೂಲೆ ಹಿಡಿಯಿತು. ಮೊಟ್ಟೆ ತಣ್ಣಗಾಗುವ ಮೊದಲು ನಾನು ಅವನ್ನು ದಾದಿ ಜೋಡಿಯ ಗೂಡಿಗೆ ಹಾಕಿದೆ. ಮೂರು ಮರಿಯಾದವು, ಎರಡು ಹೆಣ್ಣು, ಒಂದು ಗಂಡು. ಅಕ್ಕಂದಿರಿಬ್ಬರೂ ಸೇರಿ ತಮ್ಮನ ಬಾಲ ಕಿತ್ತು ಹಾಕಿದ್ದರಿಂದ ಅವನು ಮೊಂಡನಾದ. ರೆಕ್ಕೆ ಬಂದ ಕೂಡಲೇ ಮೊಂಡನನ್ನು ತಾತನ ಪಂಜರಕ್ಕೆ ಬಿಡಬೇಕು, ಇಲ್ಲದಿದ್ದರೆ ಸಾಕಿದ ದಾದಿ ಗಂಡಿನ ಗೊಣಗಾಟವನ್ನೇ ಹಾಡು ಎಂದು ಕಲಿತುಬಿಡುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ.

ಅಷ್ಟರಲ್ಲಿ ನನಗೆ ಜ್ವರ ಬಂತು. ಹತ್ತು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಅತ್ತಿಗೆ ಬಗಲಲ್ಲಿ ಜ್ವರದ ಕಡ್ಡಿ ಇಟ್ಟು ಹೋದಳು, ಅದು ಪೀಂ ಎಂದಾಗ ತೆಗೆಯಬೇಕು. ನಾನು ಇಟ್ಟುಕೊಂಡೇ ಮಲಗಿದ್ದೆ. ಅವಳು ಬಂದು ಕಿತ್ತುಕೊಂಡಳು.

"ಅದು ಬಡ್ಕೊಂಡು ಐದು ನಿಮಿಷ ಆಯ್ತಲ್ಲೋ ಮರಿ! ಬಗಲಲ್ಲಿ ಇಟ್ಕೊಂಡು ಕಾವು ಕೊಡ್ತಿದ್ದೀಯಾ? ಪಿಳ್ಳೆ ಮಾಡಿಸ್ಬೇಕಾ?"

ಅತ್ತಿಗೆ ಈ ಮನೆಗೆ ಮದುವೆಯಾಗಿ ಬಂದಾಗ ಅವಳಿಗೆ ಹದಿನೆಂಟು, ನನಗೆ ಹತ್ತು. ಆಗ ಮರಿ ಎಂದು ಕರೆದವಳು ನನಗೆ ಎಪ್ಪತ್ತೊಂದಾದರೂ ಬಿಟ್ಟಿಲ್ಲ.

ಜ್ವರ ಬಿಟ್ಟ ದಿನವೇ ಗೋಡೆ ಹಿಡಿದುಕೊಂಡು ಹೋಗಿ ಮೊಂಡನನ್ನು ತಾತನ ಪಂಜರಕ್ಕೆ ಬಿಟ್ಟೆ. ಹತ್ತು ದಿನ ತಡವಾಗಿತ್ತು. ಆದರೂ ಮೊಂಡ ಮುದುಕನ ಪಕ್ಕ ಒತ್ತಿಕೊಂಡು ಕೂತು, ತಲೆ ವಾರೆ ಮಾಡಿ ಕೇಳತೊಡಗಿದ್ದನ್ನು ನೋಡಿ ಸಮಾಧಾನಪಟ್ಟುಕೊಂಡಿದ್ದೆ.

ಅಣ್ಣನ ಮಗಳ ಫೋನ್ ಬಂದದ್ದು ಇದಾದ ಮೇಲೆ.

ಆಮೇಲೆ ದಿನಾ ಬೆಳಿಗ್ಗೆ ನವಣೆ ಹಾಕಿ, ನೀರು ಬದಲಿಸಿ, ಸ್ಟೂಲ್ ಎಳೆದುಕೊಂಡು ಮೊಂಡನ ಮುಂದೆ ಕೂತೆ. ಮೊದಲ ವಾರ ಅವನದು ಬರೀ ಗೊಜಗೊಜ. ನಿದ್ದೆಗಣ್ಣಿನಲ್ಲಿ ಮಾತಾಡುವವರ ಹಾಗೆ. ಎರಡನೇ ವಾರ ಒಂದು ದಿನ ಅದರೊಳಗಿಂದ ಪೆಡಲು ಹೊರಬಿತ್ತು. ಟಕಟಕ, ಅಣ್ಣ ಕಾಲಿಟ್ಟಂತೆ. ನಾಲ್ಕು ದಿನ ಬಿಟ್ಟು ಕತ್ತರಿ. ದಾದಿಯ ಗೊಣಗಾಟ ಎಲ್ಲೂ ಇರಲಿಲ್ಲ. ನನಗೆ ಕುಣಿಯುವಷ್ಟು ಖುಷಿ. ಇನ್ನು ಸೂಜಿಯೊಂದು ಬಂದರೆ ಆಯಿತು ಎಂದು ಕಾದೆ.

ಸೂಜಿ ಬರಲಿಲ್ಲ.

ಪೆಡಲು, ಕತ್ತರಿ, ಆಮೇಲೆ ಏನೂ ಇಲ್ಲ. ಹಕ್ಕಿ ಕೊಕ್ಕು ತೆರೆದುಕೊಂಡು ಅರೆಗಳಿಗೆ ನಿಂತು, ಮತ್ತೆ ಪೆಡಲಿಗೆ ಬರುತ್ತಿತ್ತು. ಕೊನೆಯ ಹೊಲಿಗೆ ಹಾಕದೆ ಬಿಟ್ಟ ಅಂಗಿಯ ಹಾಗೆ. ಎರಡು ದಿನ ಕಾದೆ, ನಾಲ್ಕು ದಿನ ಕಾದೆ. ಹಾಡು ಗಟ್ಟಿಯಾಗುತ್ತಾ ಬಂತು, ಸೂಜಿ ಮಾತ್ರ ಇಲ್ಲ. ಆ ಹತ್ತು ದಿನಗಳು ನನ್ನ ಕಣ್ಣ ಮುಂದೆ ಬಂದವು. ಅತ್ತಿಗೆಗೆ ಒಂದು ಮಾತು ಹೇಳಿ ಪಂಜರ ಬದಲಿಸಬಹುದಿತ್ತು, ಹೇಳಿರಲಿಲ್ಲ. ಹಕ್ಕಿ ಹಿಡಿಯುವ ಕೆಲಸ ಅವಳಿಗೆ ಆಗುವುದಿಲ್ಲ ಎಂದುಕೊಂಡು ಸುಮ್ಮನಿದ್ದೆ.

ತಾತನೇ ಹೇಳಿಕೊಡಲಿ ಎಂದು ಮುದುಕನನ್ನು ಹುರಿದುಂಬಿಸಿದೆ. ಪಕ್ಕದಲ್ಲಿ ಒಂದು ಚೆಂದದ ಹೆಣ್ಣನ್ನು ಇಟ್ಟೆ. ಹೆಣ್ಣು ಕಂಡರೆ ಯಾವ ವಯಸ್ಸಿನ ಗಂಡೂ ನೆಟ್ಟಗಾಗುತ್ತದೆ. ತಾತ ಗರಿ ಸರಿ ಮಾಡಿಕೊಂಡು, ಕೋಲಿನ ಮೇಲೆ ಜಿಗಿಜಿಗಿದು ಹಾಡಿದ. ಪೆಡಲು. ಕತ್ತರಿ. ಆಮೇಲೆ ಖಾಲಿ.

ತಾತನಿಗೂ ಇಲ್ಲ! ಅಣ್ಣನ ತೊಡೆಯ ಮೇಲೆ ಬೆಳೆದ ಹಕ್ಕಿಗೆ! ಇನ್ನುಳಿದ ಐದು ಗಂಡುಗಳ ಮುಂದೆ ಒಂದೊಂದು ದಿನ ಕೂತೆ. ಯಾವುದಕ್ಕೂ ಇಲ್ಲ. ಇನ್ನೊಂದು ವಿಷಯವೂ ಆಗಲೇ ತಲೆಗೆ ಬಂತು. ಬಿಸಿಲು ಏರಿದಾಗ ಕಾವಿಗೆ ಕೂತ ತಾಯಿ ಮೊಟ್ಟೆಯೊಳಗಿನ ಮರಿಯ ಜೊತೆ ಸಣ್ಣಗೆ, ಬಲು ಸಣ್ಣಗೆ ಮಾತಾಡುತ್ತದೆ. ಹೊರಗೆ ಸೆಕೆ ಇದೆ ಎಂದು ಹೇಳುತ್ತದೆ ಎನ್ನುತ್ತಿದ್ದ ಅಣ್ಣ. ಈ ಸಲದ ಬಿಸಿಲಿನಲ್ಲಿ ಒಂದು ತಾಯಿಯೂ ಮಾತಾಡಿರಲಿಲ್ಲ. ಕೋಣೆಗೇ ಏನೋ ಆಗಿದೆ, ನನ್ನ ಕೈಯಲ್ಲಿ ಎಲ್ಲ ಮೊಂಡಾಗುತ್ತಿದೆ ಎಂದು ಅನ್ನಿಸಿತು. ಸೂಜಿ ಯಾವಾಗ ಹೋಯಿತು? ಕಳೆದ ವರ್ಷವೇ, ಅದರ ಹಿಂದಿನ ವರ್ಷವೇ? ಹದಿನಾರು ತಲೆಗಳ ಹೆಸರು ನೆನಪಿರುವ ನನಗೆ ಅದೊಂದು ನೆನಪಾಗಲಿಲ್ಲ. ಅದೇ ಹೆಚ್ಚು ನಾಚಿಕೆ ತಂದದ್ದು.

ಅತ್ತಿಗೆಯನ್ನು ಸುತ್ತಿ ಬಳಸಿ ಕೇಳಿ ನೋಡಿದೆ.

"ಅತ್ತಿಗೆ, ಹಕ್ಕಿಗಳು ಈಗ ಮೊದಲಿನ ಹಾಗೆ ಹಾಡ್ತಾವಾ?"

ಅವಳು ಪಾತ್ರೆಯೊಳಗಿನಿಂದ ನವಣೆ ಸಿಪ್ಪೆ ಆರಿಸುತ್ತಿದ್ದಳು. ನಲವತ್ತೆರಡು ವರ್ಷದಿಂದ ಆರಿಸುತ್ತಿದ್ದಾಳೆ.

"ಹಾಡಾ? ಅದು ಹಾಡು ಅಂತ ಯಾರು ಹೇಳಿದ್ರು? ಅವತ್ತೂ ಕಿರಿಕಿರಿ, ಇವತ್ತೂ ಕಿರಿಕಿರಿ. ನಿಮ್ಮಣ್ಣ ಹೋಗ್ವಾಗ ಇದನ್ನೂ ತಗೊಂಡ್ ಹೋಗ್ಬಾರ್ದಿತ್ತಾ?"

ಅಲ್ಲಿಗೆ ಆ ಬಾಗಿಲು ಮುಚ್ಚಿತು.

ಬೀದಿಯ ತುದಿಯಲ್ಲಿ ಇಸ್ತ್ರಿ ಅಂಗಡಿ ಇದೆ. ನಾಲ್ಕು ವರ್ಷದ ಹಿಂದೆ ಇಸ್ತ್ರಿಯವನಿಗೆ ನಾನೇ ತಾತನ ಮಗನೊಬ್ಬನನ್ನು ಕೊಟ್ಟಿದ್ದೆ. ಇಸ್ತ್ರಿ ಮಾಡಲು ಏನೂ ಇಲ್ಲದಿದ್ದರೂ ಎರಡು ಅಂಗಿ ಹಿಡಿದುಕೊಂಡು ಹೋದೆ. ಪಂಜರ ಬಟ್ಟೆ ರಾಶಿಯ ಮೇಲೆ ತೂಗುತ್ತಿತ್ತು. ಹಕ್ಕಿ ನನ್ನ ಪುಣ್ಯಕ್ಕೆ ಹಾಡಿತು. ಪೆಡಲು, ಕತ್ತರಿ. ಅಷ್ಟೇ.

"ಇವನಿಗೂ ಸೂಜಿ ಹೋಗಿದೆ," ಎಂದೆ.

ಇಸ್ತ್ರಿಯವನು ಪೆಟ್ಟಿಗೆಯನ್ನು ಮೇಲೆತ್ತಿ ಹಿಡಿದುಕೊಂಡೇ ಹಕ್ಕಿಯನ್ನು ನೋಡಿದ, ನನ್ನನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ.

"ಹೋಗಿದೆಯಾ ಯಜಮಾನ್ರೇ? ನಂಗೆ... ಅಲ್ಲ, ಕೊನೇಲಿ..." ಎಂದು ತಲೆ ಕೆರೆದುಕೊಂಡ. "ಬಿಡಿ, ಕಿವಿಯವರೇ ಹೇಳಿದ ಮೇಲೆ ನಂದೇನಿದೆ. ನಂಗೆ ಸುಕ್ಕು ಬಿಟ್ರೆ ಬೇರೇನು ಗೊತ್ತು?"

ಅವನು ಆ ಮಾತನ್ನು ಮುಗಿಸಿದ್ದರೆ ನನಗೆ ಒಂದು ವಾರದ ಸಂಕಟ ತಪ್ಪುತ್ತಿತ್ತು. ಆದರೆ ಕಿವಿ ಎಂದು ಹೆಸರಾದವನ ಎದುರು ಯಾರು ತಾನೇ ತಮ್ಮ ಕಿವಿಯನ್ನು ನಂಬುತ್ತಾರೆ?

ಅದೇ ವಾರ ಹಕ್ಕಿ ಅಂಗಡಿಯವನೂ ಬಂದ, ಮುಖದಲ್ಲಿ ನಗು ತಡೆದುಕೊಂಡು.

"ಯಜಮಾನ್ರೇ, ತಪ್ಪು ತಿಳ್ಕೋಬೇಡಿ. ಹೋದ ತಿಂಗಳು ನೀವು ಹೆಣ್ಣು ಅಂತ ಬೇರೆ ಮಾಡಿ ಕೊಟ್ಟ ದಾದಿ ಇತ್ತಲ್ಲ, ಟೀಚರಮ್ಮ ತಗೊಂಡು ಹೋಗಿದ್ರು. ಆ ಹೆಣ್ಣು ಬೆಳಗಿಂದ ಸಂಜೆ ತನಕ ಹಾಡ್ತಾ ಇದೆಯಂತೆ."

"ಹೆಣ್ಣು ಹಾಡಲ್ಲ."

"ಅದನ್ನೇ ನಾನೂ ಅಂದೆ. ಅದಕ್ಕೆ ಅವರು, ನಿಮ್ಮ ಕಿವಿಯವರಿಗೆ ಹೇಳಿ, ಹೆಣ್ಣಿಗೇ ಬಂದು ಬುದ್ಧಿ ಹೇಳಲಿ ಅಂದ್ರು."

ಅವನು ನಕ್ಕ. ನಾನು ನಗಲಿಲ್ಲ. ಬುಟ್ಟಿಯ ಗಡಿಬಿಡಿಯಲ್ಲಿ ಅವನೇ ಹಕ್ಕಿ ಅದಲು ಬದಲು ಮಾಡಿರಬೇಕು ಎಂದುಕೊಂಡೆ. ಮನುಷ್ಯ ತನ್ನನ್ನು ಬಿಟ್ಟು ಊರಲ್ಲಿ ಎಲ್ಲರನ್ನೂ ಅನುಮಾನಿಸುತ್ತಾನೆ.

ಅಣ್ಣನ ಮಗಳು ಬರುವ ದಿನ ಬಂತು. ರಜೆಯ ದಿನ, ಮಧ್ಯಾಹ್ನದ ಹೊತ್ತು. ಅವಳಿಗೆ ಏನು ಹೇಳಬೇಕೆಂದು ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಹೊಲಿದು ಬಿಚ್ಚಿ ಮಾಡುತ್ತಿದ್ದೆ. ಹೇಳದೆ ಕೊಟ್ಟರೆ ಮೋಸ. ಹೇಳಿದರೆ, ಆರು ವರ್ಷಕ್ಕೆ ಒಮ್ಮೆ ಕೈ ಚಾಚಿದವಳ ಕೈಗೆ ಅರ್ಧ ಹಾಡು ಇಟ್ಟಂತೆ. ಸುಮ್ಮನೆ, ಮರಿ ಸತ್ತು ಹೋಯಿತು ಎಂದುಬಿಡೋಣ ಎಂದೂ ಒಂದು ಗಳಿಗೆ ಅನ್ನಿಸಿತು. ಮೊಂಡ ಕೋಲಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ. ಅವನ ಎದುರಿಗೆ ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಗಿ ಒಂದು ಚಿಟಿಕೆ ಬೇಯಿಸಿದ ಮೊಟ್ಟೆ ಹಾಕಿದೆ.

ಅವಳು ಬಂದಳು. ಚೀಲದಲ್ಲಿ ಹೊಸ ಪಂಜರ, ಅದಕ್ಕೆ ತಾನೇ ಹೊಲಿದ ಮುಸುಕು. ಹೊಲಿಗೆ ಅಪ್ಪನ ಹಾಗೆಯೇ ನೇರವಾಗಿತ್ತು. ಅಡುಗೆಮನೆಯಲ್ಲಿ ನೀರು ಕುಡಿದು, ಹಿಂದಿನ ಬಾಗಿಲ ಮುಂದೆ ನಿಂತಳು. ಚಿಲಕದ ಮೇಲೆ ಕೈ ಇಟ್ಟು ನಿಂತೇ ಇದ್ದಳು.

"ಒಳಗೆ ಹೋಗೇ," ಎಂದಳು ಅತ್ತಿಗೆ. "ಬಸ್ಸಿನ ಬಾಗಿಲು ಅಂದ್ಕೋ. ನಿಂತಷ್ಟೂ ಹಿಂದೆ ಜನ ಬೈತಾರೆ."

ಅವಳು ಬಾಗಿಲು ತೆರೆದಳು. ನಾನು ಹಿಂದೆಯೇ ಹೋಗಿ ಸ್ಟೂಲ್ ಕೊಟ್ಟೆ. ಮೊಂಡನ ಪಂಜರವನ್ನು ಅವಳ ಮುಂದಿಟ್ಟೆ.

"ಅಯ್ಯೋ, ಬಾಲ ಎಲ್ಲಿ ಇವನದು?"

"ಅಕ್ಕಂದಿರು ಕಿತ್ರು. ಬೆಳೆಯುತ್ತೆ," ಎಂದೆ. "ಅಮ್ಮಾ, ನಿಂಗೆ ಒಂದು ವಿಷಯ ಹೇಳ್ಬೇಕು. ಇವನು ಹಾಡೋ ಮೊದ್ಲೇ ಹೇಳ್ಬಿಡ್ತೀನಿ. ನನ್ನಿಂದ ಒಂದು ತಪ್ಪಾಗಿದೆ. ನಂಗೆ ಜ್ವರ ಬಂದಾಗ..."

"ಶ್," ಎಂದಳು, ಕೈ ಎತ್ತಿ.

ಮೊಂಡ ಕತ್ತು ಉದ್ದ ಮಾಡಿದ್ದ. ಟಕಟಕ ಶುರುವಾಯಿತು. ಅವಳ ಕಣ್ಣು ತುಂಬಿಕೊಂಡಿತು. ಕತ್ತರಿ ಬಂತು. ಅವಳ ತುಟಿ ಬಿಗಿಯಾಯಿತು. ಆಮೇಲೆ ನನಗೆ ಗೊತ್ತಿದ್ದ ಆ ಖಾಲಿ ಬಂತು. ನಾನು ನೆಲ ನೋಡಬೇಕೆಂದಿದ್ದೆ. ಅವಳ ಮುಖ ಹೇಗಾಗುವುದೋ ಎಂಬ ಭಯಕ್ಕೆ ಅವಳನ್ನೇ ನೋಡಿಬಿಟ್ಟೆ.

ಅವಳ ಬಲಭುಜ ಮೇಲೆದ್ದು ಕಿವಿಗೆ ಒತ್ತಿತು. ಮುಖ ಹಿಂಡಿಕೊಂಡಿತು.

ಹಕ್ಕಿ ಇನ್ನೊಂದು ಸುತ್ತು ಹಾಡಿತು. ಪೆಡಲು, ಕತ್ತರಿ, ಖಾಲಿ. ಆ ಖಾಲಿಯ ನಡುವಿಗೆ ಸರಿಯಾಗಿ ಮತ್ತೆ ಅವಳ ಭುಜ ಎದ್ದಿತು. ನಲವತ್ತೈದು ವರ್ಷದ ಹೆಂಗಸು, ಮೂರು ವರ್ಷದ ಮಗುವಿನ ಹಾಗೆ. ಮೂರನೇ ಸಲ ನಾನು ಹಕ್ಕಿಯನ್ನೇ ನೋಡಿದೆ. ಅದು ಕೊಕ್ಕು ತೆರೆದುಕೊಂಡು ಸುಮ್ಮನೆ ನಿಂತಿರಲಿಲ್ಲ. ಗಂಟಲಿನ ಗರಿ ನಡುಗುತ್ತಿತ್ತು.

"ಈಗ... ಈಗ ಏನು ಕೇಳಿಸ್ತು ನಿಂಗೆ?" ಎಂದೆ.

ಅವಳು ಕಣ್ಣೊರೆಸಿಕೊಂಡು ನಗುತ್ತಿದ್ದಳು. "ಏನು ಚಿಕ್ಕಪ್ಪ, ಪರೀಕ್ಷೆನಾ? ಸೂಜಿ! ಕಿವಿ ತೂತಾಯ್ತು. ಅಪ್ಪ ಇದ್ದಾಗಿಂತ ಜೋರಾಗಿದೆ."

"ಇನ್ನೊಂದ್ಸಲ ಬಂದಾಗ ಕೈ ಎತ್ತು."

ಅವಳಿಗೆ ಅರ್ಥವಾಗಲಿಲ್ಲ, ಆದರೂ ಎತ್ತಿದಳು. ನಾನು ತಾತನ ಪಂಜರ ತಂದೆ. ತಾತ ಹಾಡಿದ, ಅವಳು ಕೈ ಎತ್ತಿದಳು. ಇನ್ನೊಬ್ಬನನ್ನು ತಂದೆ. ಕೈ ಎತ್ತಿದಳು. ಕೋಣೆಯಲ್ಲಿ ಏಳೂ ಗಂಡುಗಳ ಕೊನೆಯಲ್ಲಿ ಸೂಜಿ ಇತ್ತು, ಇಲ್ಲದೆ ಇದ್ದದ್ದು ನನ್ನ ಕಿವಿಯಲ್ಲಿ ಮಾತ್ರ.

ನಾನು ನವಣೆ ಡಬ್ಬದ ಮೇಲೆ ಕೂತುಬಿಟ್ಟೆ. ಅಳು ಬಂತೋ ನಗು ಬಂತೋ, ಎರಡೂ ಒಟ್ಟಿಗೆ ಬಂದವು. ಕಿವಿ ಹೋಯಿತು ಎಂದು ತಿಳಿದು ಅಷ್ಟು ಸಂತೋಷಪಟ್ಟ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬನಿರಲಾರ. ಎದೆಯ ಮೇಲಿದ್ದ ರುಬ್ಬುಗಲ್ಲು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಹಾಡು ಇದೆ. ಅಣ್ಣ ಕೊಟ್ಟದ್ದು ಇದ್ದ ಹಾಗೇ ಇದೆ. ಕೆಟ್ಟದ್ದು ನಾನೊಬ್ಬನೇ, ಅದು ವಯಸ್ಸಾದ ಮೇಲೆ ಕೆಡಲೇಬೇಕಾದದ್ದು.

ಹೇಳಿಕೊಳ್ಳಬೇಕಾದ್ದನ್ನೆಲ್ಲ ಹೇಳಿದೆ. ಜ್ವರ, ಹತ್ತು ದಿನ, ಇಸ್ತ್ರಿ ಅಂಗಡಿ, ಹಾಡುವ ಹೆಣ್ಣು. ಅವಳು ನನ್ನ ಕೈ ಹಿಡಿದುಕೊಂಡು ಕೇಳಿದಳು. ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತಾ ನಿಂತಿದ್ದ ಅತ್ತಿಗೆ ಎಲ್ಲ ಕೇಳಿಸಿಕೊಂಡಳು.

"ಇದು ಈಗ ಗೊತ್ತಾಯ್ತಾ?" ಎಂದಳು. "ಎರಡು ವರ್ಷದಿಂದ ಇವನಿಗೆ ಸಣ್ಣ ಸದ್ದು ಕೇಳ್ಸಲ್ಲ. ಓವನ್ ಕೂಗಿದ್ರೆ ಕೇಳ್ಸಲ್ಲ, ಜ್ವರದ ಕಡ್ಡಿ ಕೂಗಿದ್ರೆ ಕೇಳ್ಸಲ್ಲ. ನಾನು ಸಣ್ಣ ದನೀಲಿ ಬೈದ್ರೆ ತಿರುಗಿ ಮಾತಾಡಲ್ಲ. ಪರ್ವಾಗಿಲ್ಲ, ಮರಿಗೆ ಕೊನೆಗೂ ಬುದ್ಧಿ ಬಂತು ಅಂದ್ಕೊಂಡಿದ್ದೆ."

"ಹೇಳ್ಬಾರ್ದಿತ್ತಾ ಅತ್ತಿಗೆ?"

"ಹೇಳಿದ್ನಲ್ಲ. ಸಣ್ಣ ದನೀಲಿ."

ಅಣ್ಣನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಕೋಣೆಯಲ್ಲಿ ಅವಳು ಹಾಗೆ ನಕ್ಕು ಆರು ವರ್ಷವಾಗಿತ್ತು. ಹಕ್ಕಿಗಳು ಒಂದು ಕ್ಷಣ ಗಪ್‌ಚಿಪ್ಪಾಗಿ ಆಮೇಲೆ ಎಲ್ಲವೂ ಒಟ್ಟಿಗೆ ಕೂಗತೊಡಗಿದವು.

ಒಂಟಿ ಹಕ್ಕಿಯನ್ನು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಜೊತೆಗೆ ಒಂದು ಹೆಣ್ಣನ್ನೂ ಹಿಡಿದು ಹೊಸ ಪಂಜರಕ್ಕೆ ಬಿಟ್ಟೆ. ಪಟ್ಟೆ ಹಕ್ಕಿಯಲ್ಲಿ ಹೆಣ್ಣನ್ನು ಗುರುತಿಸಲು ಕಣ್ಣು ಸಾಕು, ಪುಣ್ಯ. ಆದರೆ ಅಂಗಡಿಯವನು ಬಿಟ್ಟುಹೋಗಿದ್ದ ದಾದಿಗಳ ಬುಟ್ಟಿ ಮೂಲೆಯಲ್ಲೇ ಇತ್ತು, ಐದು ಹಕ್ಕಿ. ಸಂಜೆಗೆ ಬೇರೆ ಮಾಡಿ ಕೊಡುತ್ತೇನೆಂದಿದ್ದೆ.

"ಇದೊಂದು ಹೇಗಮ್ಮ ಮಾಡೋದು?" ಎಂದೆ ಅಣ್ಣನ ಮಗಳಿಗೆ. "ನಿಂಗೆ ಕೂಗು ಕೇಳಿ ಗೊತ್ತಾಗುತ್ತಾ?"

"ನಂಗೆ ಹಾರ್ನ್ ಕೇಳಿ ಯಾವ ಡಿಪೋ ಅಂತ ಗೊತ್ತಾಗುತ್ತೆ. ಇದು ಗೊತ್ತಾಗಲ್ಲ."

ಅತ್ತಿಗೆ ಮುಖ ಸಿಂಡರಿಸಿಕೊಂಡು ಒಳಗೆ ಬಂದಳು. ನಲವತ್ತೆರಡು ವರ್ಷದಲ್ಲಿ ಕಸ ಗುಡಿಸಲು, ನನ್ನ ಜ್ವರದ ಹತ್ತು ದಿನ ಕಾಳು ನೀರು ಇಡಲು ಬಿಟ್ಟರೆ ಅವಳು ಆ ಕೋಣೆಗೆ ಬಂದವಳಲ್ಲ. ಬುಟ್ಟಿಯ ಮುಂದೆ ಬಗ್ಗಿ ನಿಂತಳು. ಒಂದು ಕೂಗಿತು.

"ಇದು ಗಂಡು."

ಇನ್ನೊಂದು ಕೂಗಿತು.

"ಇದೂ ಗಂಡೇ. ಮೂಲೇಲಿರೋದು ಹೆಣ್ಣು. ಅದರ ಪಕ್ಕದ್ದೂ ಹೆಣ್ಣು. ಇದೊಂದು ಬಾಯಿ ಬಿಡ್ತಿಲ್ಲ, ಹೆದರಿದೆ ಪಾಪ."

ಅಣ್ಣನ ಮಗಳೂ ನಾನೂ ಮುಖ ಮುಖ ನೋಡಿಕೊಂಡೆವು.

"ಅತ್ತಿಗೆ, ನಿಮಗೆ ಇದು...?"

"ಏನು ಕಣ್ಣು ಬಿಡ್ತೀಯಾ? ಅಡುಗೆಮನೆಗೂ ಇದಕ್ಕೂ ಮಧ್ಯ ಇರೋದು ಒಂದು ಗೋಡೆ. ಕಿರಿಕಿರಿ ಅಂದೆ, ಕೇಳ್ಸಲ್ಲ ಅಂದ್ನಾ? ಯಾವ ಮುದುಕ ಯಾವಾಗ ಹಾಡ್ದ, ಯಾವ ತಾಯಿ ಮೊಟ್ಟೆ ಹತ್ರ ಮಾತಾಡ್ತು, ಎಲ್ಲ ನನ್ನ ತಲೆ ಮೇಲೇ ಬೀಳೋದು."

"ಈ ಬಿಸಿಲಲ್ಲಿ ಮಾತಾಡಿದ್ವಾ ತಾಯಂದಿರು?"

"ಮಾತಾಡದೆ? ಮಧ್ಯಾಹ್ನ ಒಂದು ಕಣ್ಣು ನಿದ್ದೆ ಇಲ್ಲ ನಂಗೆ."

ಇನ್ನೊಮ್ಮೆ ಎದೆ ಹಗುರವಾಯಿತು. ಕೇಳಬೇಕೆಂದುಕೊಂಡು ಬಿಟ್ಟಿದ್ದ ಪ್ರಶ್ನೆಗೂ ಉತ್ತರ ಸಿಕ್ಕಿತ್ತು.

ಹಕ್ಕಿ ಅಂಗಡಿಯವನು ಸಂಜೆ ಬಂದಾಗ ಬುಟ್ಟಿ ಕೊಟ್ಟು, ಟೀಚರಮ್ಮನಿಗೆ ನನ್ನ ಕಡೆಯಿಂದ ಕ್ಷಮೆ ಕೇಳಲು ಹೇಳಿದೆ. "ಇನ್ಮೇಲೆ ಕಿವಿ ಅಂದ್ರೆ ನಾನಲ್ಲ, ಒಳಗಿದ್ದಾರೆ" ಎಂದೆ. ಅವನು ಅಡುಗೆಮನೆ ಕಡೆ ಇಣುಕಿ, ಸೌಟು ಹಿಡಿದಿದ್ದ ಅತ್ತಿಗೆಯ ಮುಖ ನೋಡಿ, ಏನೂ ಕೇಳದೆ ಹೊರಟುಹೋದ.

ಇದಾಗಿ ಎಂಟು ದಿನಕ್ಕೆ ಅಣ್ಣನ ಮಗಳ ಫೋನ್ ಬಂತು. ಹೊಸ ಜಾಗದಲ್ಲಿ ಹಕ್ಕಿ ಕೆಲವು ದಿನ ಬಾಯಿ ಕಟ್ಟಿಕೊಂಡಿರುತ್ತದೆ, ಹೆದರಬೇಡ ಎಂದು ಹೇಳಿ ಕಳಿಸಿದ್ದೆ.

"ಚಿಕ್ಕಪ್ಪ, ಇವತ್ತು ಶುರು ಮಾಡ್ದ! ಕೇಳು, ಪಂಜರದ ಹತ್ರ ಇಡ್ತೀನಿ."

ನಾನು ಫೋನನ್ನು ಕಿವಿಗೆ ಹಿಡಿದೆ. ಬಲು ದೂರದಿಂದ ಟಕಟಕ ಬಂತು. ಕತ್ತರಿಯೂ ಬಂತು. ಆಮೇಲಿನದು ನನಗೆ ಇನ್ನು ಬರುವುದಿಲ್ಲವೆಂದು ಗೊತ್ತಿತ್ತು. ಅತ್ತಿಗೆ ಪಕ್ಕದಲ್ಲೇ ತರಕಾರಿ ಹೆಚ್ಚುತ್ತಿದ್ದಳು. ಫೋನನ್ನು ಅವಳ ಕಿವಿಗೆ ಒಡ್ಡಿದೆ. ಚಾಕು ನಿಂತಿತು. ಅವಳು ಕಣ್ಣು ಮುಚ್ಚಿಕೊಂಡಳು.

"ಬಂತು," ಎಂದಳು. ಸ್ವಲ್ಪ ತಡೆದು, "ಬಂತು." ಮತ್ತೆ, "ಹ್ಞೂ, ಬಂತು."

ನಾನು ಫೋನನ್ನು ಅವಳ ಕೈಗೇ ಬಿಟ್ಟು, ಎದ್ದು ಕಿಟಕಿಯ ಬಳಿಗೆ ಹೋಗಿ ಅರ್ಧ ಹಾಕಿದ್ದ ಕಾಜಾ ಕೈಗೆತ್ತಿಕೊಂಡೆ. ಬೆಳಕು ಇನ್ನೂ ಚೆನ್ನಾಗಿತ್ತು. ಅಡುಗೆಮನೆಯಿಂದ ಅತ್ತಿಗೆ ಪ್ರತಿಸಲವೂ ನನಗೆ ಕೇಳುವಷ್ಟು ಜೋರಾಗಿಯೇ ಹೇಳುತ್ತಿದ್ದಳು.